ನೆತ್ತಿಯ ಮೇಲೊಂದು ತೂತು: ಟರ್ನ್‌ಸ್ಟೈಲ್ ಆಂಟೆನಾ ಕಟ್ಟಿದ ದಿನಗಳು

ಚಿತ್ರದ ನಡುವೆ ಒಂದು ಕಪ್ಪು ಪಟ್ಟಿ. ಈ ಕೆಲಸ ಶುರುವಾಗಿದ್ದು ಅಲ್ಲಿಂದ.

ಹವಾಮಾನ ಉಪಗ್ರಹಗಳು ಕಳಿಸುವ ಚಿತ್ರಗಳನ್ನು ಮನೆಯಲ್ಲೇ ಹಿಡಿಯುವ ಹುಚ್ಚು ನನಗೆ. ಅಮೆರಿಕದ ನೋವಾ 15, 18, 19 ಮೂರೂ 2025ರಲ್ಲಿ ಬಾಯಿ ಮುಚ್ಚಿದವು. ಈಗ 137 ಮೆಗಾಹರ್ಟ್ಸ್ ಸುತ್ತಮುತ್ತ ನಾನು ಕಾಯುವುದು ರಷ್ಯಾದ ಮೆಟಿಯೋರ್-ಎಂ ಉಪಗ್ರಹಗಳಿಗೆ, 137.1 ಇಲ್ಲವೇ 137.9ರಲ್ಲಿ. ನೋವಾದ ಅನಲಾಗ್ ಸಿಗ್ನಲ್ ಸೋತರೆ ಚಿತ್ರದ ಮೇಲೆ ಮರಳು ಉದುರಿದ ಹಾಗೆ ಚುಕ್ಕಿ ಬರುತ್ತಿತ್ತು, ಅಷ್ಟೆ. ಮೆಟಿಯೋರ್‌ದು ಡಿಜಿಟಲ್. ಸಿಗ್ನಲ್ ಸಾಕಷ್ಟಿದ್ದರೆ ಚಿತ್ರ, ಇಲ್ಲದಿದ್ದರೆ ಕಪ್ಪು. ನಡುವೆ ರಾಜಿ ಇಲ್ಲ.

ತಾರಸಿ ಮೇಲೆ ಒಂದು ವರ್ಟಿಕಲ್ ಇತ್ತು. ಕಾಲು ತರಂಗದೂರದ ಒಂದು ಕಡ್ಡಿ ನೆಟ್ಟಗೆ, ಬುಡದಲ್ಲಿ ನಾಲ್ಕು ಕಡ್ಡಿ ಅಡ್ಡ. ಬಹಳ ಜನ ಮೊದಲು ಮಾಡುವ ಗ್ರೌಂಡ್ ಪ್ಲೇನ್ ಅದೇ. 'ಎಲ್ಲ ದಿಕ್ಕಿಗೂ ಕೇಳುತ್ತದೆ' ಅಂತ ಅದಕ್ಕೆ ಹೆಸರು. ಉಪಗ್ರಹ ದಿಗಂತದಿಂದ ಎದ್ದಾಗ ಚಿತ್ರ ಚೆನ್ನಾಗೇ ಶುರುವಾಗುತ್ತಿತ್ತು. ನೆತ್ತಿಯ ಕಡೆ ಏರುತ್ತಾ ಬಂದ ಹಾಗೆ, ಅಂದರೆ ನಮಗೆ ತೀರಾ ಹತ್ತಿರ ಬಂದಾಗಲೇ, ಕಪ್ಪು. ಆ ಕಡೆ ಇಳಿಯುವಾಗ ಮತ್ತೆ ಚಿತ್ರ. ಹತ್ತಿರ ಬಂದಾಗ ಕೇಳದೆ ದೂರ ಹೋದಾಗ ಕೇಳುವ ಕಿವಿ ಇದು.

ಕಾರಣ ಗುಟ್ಟಿನದೇನಲ್ಲ. ನೆಟ್ಟಗಿನ ಕಡ್ಡಿ ತನ್ನ ತುದಿಯ ದಿಕ್ಕಿನಿಂದ ಏನನ್ನೂ ಕೇಳುವುದಿಲ್ಲ. ಅದರ ಕೇಳುವ ಆಕಾರ, ಲಾರಿಯ ಟ್ಯೂಬೊಂದನ್ನು ನೆಲದ ಮೇಲೆ ಮಲಗಿಸಿದ ಹಾಗೆ. ಸುತ್ತಲೂ ದಪ್ಪ, ನಡುವೆ ತೂತು. ಆ ತೂತು ನೇರ ನೆತ್ತಿಯ ಮೇಲೆ. ಆಂಟೆನಾದವರು 'ಓಮ್ನಿ' ಅಂದರೆ ದಿಗಂತದ ಸುತ್ತ ಅಂತ ಅರ್ಥ, ಆಕಾಶ ಪೂರ್ತಿ ಅಂತಲ್ಲ. ಇದು ಗೊತ್ತಿದ್ದೂ ನಾನು ಒಂದು ವರ್ಷ ಅದರಲ್ಲೇ ಕಾಲ ಹಾಕಿದೆ. ಸೋಮಾರಿತನ, ಇನ್ನೇನು.

ಸುಳಿಯ ವಿಚಾರ

ಹಾಗಾದರೆ ತೂತೇ ಇಲ್ಲದ ಆಂಟೆನಾ ಮಾಡಲು ಬರುವುದಿಲ್ಲವಾ? ಕಾಗದ ಪೆನ್ಸಿಲ್ ಹಿಡಿದು ಕೂತೆ.

ಆಂಟೆನಾದಿಂದ ಸಾಕಷ್ಟು ದೂರದಲ್ಲಿ ಅಲೆಯ ವಿದ್ಯುತ್ ಕ್ಷೇತ್ರ ಯಾವಾಗಲೂ ಅಲೆ ಸಾಗುವ ದಿಕ್ಕಿಗೆ ಅಡ್ಡವಾಗಿರುತ್ತದೆ. ಆಂಟೆನಾ ಸುತ್ತ ಒಂದು ದೊಡ್ಡ ಚೆಂಡು ಇದೆ ಅಂದುಕೊಳ್ಳಿ. ಕ್ಷೇತ್ರದ ಗೆರೆಗಳು ಆ ಚೆಂಡಿನ ಮೈಮೇಲೆ ಬಾಚಿದ ಕೂದಲಿನ ಹಾಗೆ ಮಲಗಿರುತ್ತವೆ. ಈಗ ಎಲ್ಲೂ ಸುಳಿ ಬೀಳದ ಹಾಗೆ ಚೆಂಡು ಪೂರ್ತಿ ಕೂದಲು ಬಾಚಿ ನೋಡೋಣ. ಆಗುವುದಿಲ್ಲ. ಆಗುವುದೇ ಇಲ್ಲ ಅಂತ ಬ್ರೌವರ್ ಎಂಬ ಗಣಿತಜ್ಞ 1912ರಲ್ಲಿ ಸಾಧಿಸಿ ತೋರಿಸಿದರು. ಸುಳಿ ಇದ್ದ ಕಡೆ ಕ್ಷೇತ್ರ ಸೊನ್ನೆ. ವರ್ಟಿಕಲ್‌ಗೆ ಸುಳಿ ನೆತ್ತಿಯಲ್ಲಿ, ನಮ್ಮ ತಲೆಯ ಹಾಗೇ.

ಆದರೆ ಒಂದು ಸಂದಿ ಇದೆ. ಈ ಮಾತು ಒಂದು ಕ್ಷಣದ ಚಿತ್ರಕ್ಕೆ ಮಾತ್ರ ಅನ್ವಯ. ಕ್ಷೇತ್ರವನ್ನು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಆಡಿಸುವ ಬದಲು ಸುತ್ತಲು ಬಿಟ್ಟರೆ ಸುಳಿಯೂ ಅದರ ಜೊತೆ ಸುತ್ತುತ್ತದೆ. ಯಾವ ಕ್ಷಣ ನೋಡಿದರೂ ಎಲ್ಲೋ ಒಂದು ಕಡೆ ಸುಳಿ ಇರುತ್ತದೆ, ಆದರೆ ಒಂದೇ ಕಡೆ ನಿಲ್ಲುವುದಿಲ್ಲ. ಸರಾಸರಿ ತೆಗೆದರೆ ಯಾವ ದಿಕ್ಕಿಗೂ ಸೊನ್ನೆ ಇಲ್ಲ.

ಇದನ್ನು ಮಾಡುವ ಅತಿ ಸುಲಭದ ಆಂಟೆನಾ ಟರ್ನ್‌ಸ್ಟೈಲ್. ಜಾರ್ಜ್ ಬ್ರೌನ್ 1935ರಲ್ಲಿ ರೂಪಿಸಿದ್ದು. ಎರಡು ಡೈಪೋಲ್‌ಗಳನ್ನು, ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ಕಡ್ಡಿಗಳನ್ನು, ಅಡ್ಡಡ್ಡ, ಕೂಡಿಸುವ ಚಿಹ್ನೆಯ ಹಾಗೆ ಮಲಗಿಸಿ ಇಡುವುದು. ಎರಡಕ್ಕೂ ಒಂದೇ ಸಿಗ್ನಲ್, ಆದರೆ ಒಂದಕ್ಕೆ ಕಾಲು ಸುತ್ತು, ಅಂದರೆ 90 ಡಿಗ್ರಿ, ತಡವಾಗಿ. ಆಗ ಅದು ಒಂದೇ ಡೈಪೋಲನ್ನು ಸೆಕೆಂಡಿಗೆ 13 ಕೋಟಿಗೂ ಹೆಚ್ಚು ಸಲ ಬುಗುರಿಯ ಹಾಗೆ ತಿರುಗಿಸಿದ್ದಕ್ಕೆ ಸಮ.

ಮೇಲಿನಿಂದ ನೋಡಿದರೆ ಈ ತಿರುಗುವಿಕೆ ಪೂರ್ತಿ ಕಾಣುತ್ತದೆ. ಅಲ್ಲಿ ಪೋಲರೈಸೇಶನ್, ಅಂದರೆ ಕ್ಷೇತ್ರ ಆಡುವ ರೀತಿ, ವೃತ್ತಾಕಾರ. ದಿಗಂತದಿಂದ ನೋಡಿದರೆ ತಟ್ಟೆಯನ್ನು ಅಂಚಿನಿಂದ ನೋಡಿದ ಹಾಗೆ. ಸುತ್ತುವುದು ಕಾಣುವುದಿಲ್ಲ, ಅಡ್ಡಕ್ಕೆ ಆಡುವುದು ಮಾತ್ರ ಕಾಣುತ್ತದೆ. ಅಲ್ಲಿ ಪೋಲರೈಸೇಶನ್ ಸಾದಾ ಅಡ್ಡ. ನಡುವಿನ ಕೋನಗಳಲ್ಲಿ ಮೊಟ್ಟೆಯಾಕಾರ. ಒಂದೇ ಆಂಟೆನಾ, ದಿಕ್ಕಿಗೊಂದು ಪೋಲರೈಸೇಶನ್. ಇದು ನನಗೆ ತಲೆಗೆ ಹತ್ತಿದ್ದು ಬಹಳ ತಡವಾಗಿ. 'ಈ ಆಂಟೆನಾದ ಪೋಲರೈಸೇಶನ್ ಏನು' ಅಂತ ಕೇಳಿದರೆ 'ಯಾವ ಕಡೆಗೆ' ಅಂತ ತಿರುಗಿ ಕೇಳಬೇಕು.

ಉಪಗ್ರಹಕ್ಕೆ ವೃತ್ತಾಕಾರವೇ ಯಾಕೆ? ಎರಡು ಕಾರಣ. ನೋಡುವ ಕೋನ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಅಡ್ಡ, ಉದ್ದ ಅನ್ನೋದಕ್ಕೆ ಅರ್ಥವೇ ಉಳಿಯುವುದಿಲ್ಲ. ಜೊತೆಗೆ ವಾತಾವರಣದ ಮೇಲ್ಪದರವಾದ ಅಯಾನುಗೋಳ ಸರಳ (ಒಂದೇ ಗೆರೆಯಲ್ಲಿ ಆಡುವ) ಪೋಲರೈಸೇಶನ್ನನ್ನು ದಾರಿಯಲ್ಲೇ ತಿರುಚುತ್ತದೆ. ಫ್ಯಾರಡೆ 1845ರಲ್ಲಿ ಗಾಜಿನಲ್ಲಿ ಬೆಳಕಿಗೆ ಆಗುವುದನ್ನು ಕಂಡದ್ದು ಇದೇ ತಿರುಚುವಿಕೆ. ಸರಳಕ್ಕೆ ಸರಳ 45 ಡಿಗ್ರಿ ತಪ್ಪಿದರೆ 3 ಡಿಬಿ (ಡೆಸಿಬೆಲ್) ನಷ್ಟ, ಅಂದರೆ ಶಕ್ತಿ ಅರ್ಧ, 90 ತಪ್ಪಿದರೆ ಲೆಕ್ಕದ ಪ್ರಕಾರ ಏನೂ ಇಲ್ಲ. ವೃತ್ತಾಕಾರವನ್ನು ಸರಳ ಆಂಟೆನಾದಲ್ಲಿ ಹಿಡಿದರೆ ಯಾವಾಗಲೂ 3 ಡಿಬಿ ಕಮ್ಮಿ, ಆದರೆ ಕೈಕೊಡುವುದಿಲ್ಲ. ಮೆಟಿಯೋರ್ ಕಳಿಸುವುದು ಬಲಗೈ ವೃತ್ತಾಕಾರ. ಬಲಗೈ ಅನ್ನೋ ಈ ಪದ ಮುಂದೆ ನನ್ನ ಒಂದು ವಾರ ತಿಂದಿತು.

ನಾಲ್ಕು ತಂತಿ ಸುರುಳಿಯ ಕ್ವಾಡ್ರಿಫೈಲರ್ ಹೆಲಿಕ್ಸ್ ಈ ಕೆಲಸಕ್ಕೆ ಇನ್ನೂ ಒಳ್ಳೆಯದು, ಒಪ್ಪುತ್ತೇನೆ. ಆದರೆ ಕೊಳವೆಯನ್ನು ಸುರುಳಿಯಾಗಿ ಬಗ್ಗಿಸುವ ಕೈಚಳಕ ನನಗಿಲ್ಲ. ಟರ್ನ್‌ಸ್ಟೈಲ್‌ಗೆ ಬೇಕಾದ್ದು ನೇರ ಕೊಳವೆ, ಗರಗಸ, ಒಂದು ತುಂಡು ಕೇಬಲ್.

ಕಡಿದದ್ದು, ಜೋಡಿಸಿದ್ದು

ಎರಡೂ ಫ್ರೀಕ್ವೆನ್ಸಿಯ ನಡುವೆ 137.5 ಹಿಡಿದೆ. ತರಂಗದೂರ 218 ಸೆಂಟಿಮೀಟರ್. ಅರ್ಧ 109. ಕೊಳವೆ ದಪ್ಪ ಇರುವುದರಿಂದ ನಿಜವಾದ ಉದ್ದ ಇದಕ್ಕಿಂತ ನಾಲ್ಕೈದು ಶೇಕಡಾ ಕಮ್ಮಿ ಬರುತ್ತದೆ. 10 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆಯಲ್ಲಿ ಒಂದೊಂದು ತೋಳಿಗೆ 53 ಸೆಂಟಿಮೀಟರ್ ಕಡಿದೆ, ಬೇಕೆಂದೇ ಸ್ವಲ್ಪ ಜಾಸ್ತಿ. ಕಡಿದದ್ದನ್ನು ಕಮ್ಮಿ ಮಾಡಬಹುದು, ಬೆಳೆಸಲು ಆಗುವುದಿಲ್ಲ, ಅಲ್ವಾ?

ನಡುವಿನ ಗುಂಬಕ್ಕೆ ದುಂಡಗಿನ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಬಳಸಿದೆ. ನಾಲ್ಕು ಬದಿಯಲ್ಲಿ ಆಗಲೇ ತೂತು ಇರುವಂಥದ್ದು. ಕೊಳವೆಯ ತುದಿಯನ್ನು ಚಪ್ಪಟೆ ಮಾಡಿ, ಸ್ಟೀಲ್ ಬೋಲ್ಟ್ ಹಾಕಿ, ತವರ ಲೇಪಿಸಿದ ಲಗ್ ಬಿಗಿದೆ. ತಾಮ್ರದ ತಂತಿಯನ್ನು ನೇರವಾಗಿ ಅಲ್ಯೂಮಿನಿಯಂಗೆ ತಾಗಿಸಬೇಡಿ. ನೀರು ಬಿದ್ದರೆ ಆರು ತಿಂಗಳಲ್ಲಿ ಬಿಳಿ ಪುಡಿ ಆಗಿರುತ್ತದೆ. ನನ್ನ ಹಳೆಯ ಎರಡು ಆಂಟೆನಾ ಹಾಗೇ ಹೋದವು.

ಒಂದು ಡೈಪೋಲನ್ನು ಮಾತ್ರ ನ್ಯಾನೋವಿಎನ್‌ಎ ಎಂಬ ಆಂಟೆನಾ ಅಳೆಯುವ ಪುಟ್ಟ ಉಪಕರಣಕ್ಕೆ ಜೋಡಿಸಿ ನೋಡಿದೆ. ಅನುರಣನ, ಅಂದರೆ ಅದು ಚೆನ್ನಾಗಿ ಕೇಳುವ ಫ್ರೀಕ್ವೆನ್ಸಿ, 133.5ರ ಹತ್ತಿರ. ಪ್ರತಿ ತೋಳಿನಿಂದ ಅರ್ಧರ್ಧ ಸೆಂಟಿಮೀಟರ್ ಕಡಿಯುತ್ತಾ ಹೋದೆ. ಒಂದು ಸೆಂಟಿಮೀಟರ್‌ಗೆ ಎರಡೂವರೆ ಮೆಗಾಹರ್ಟ್ಸ್ ಏರುತ್ತದೆ. 51.5ಕ್ಕೆ ಬಂದಾಗ ಸರಿಯಾಯಿತು. ಎರಡನೆಯದನ್ನೂ ಅದೇ ಉದ್ದಕ್ಕೆ. ಎರಡೂ ಒಂದಕ್ಕೊಂದು ಲಂಬವಾಗಿರುವುದರಿಂದ ಒಂದರ ಅಳತೆಯನ್ನು ಇನ್ನೊಂದು ಕೆಡಿಸುವುದಿಲ್ಲ. ಈ ಭಾಗದಲ್ಲಿ ಯಾವ ತಕರಾರೂ ಬರಲಿಲ್ಲ.

ತಕರಾರು ಬಂದಿದ್ದು ತಡ ಮಾಡಿಸುವ ಕೇಬಲ್ ತುಂಡಿನಲ್ಲಿ. ಮುಖ್ಯ ಕೇಬಲ್ ನೇರ ಮೊದಲ ಡೈಪೋಲ್‌ಗೆ ಬರುತ್ತದೆ. ಅದೇ ಜಾಗದಿಂದ ಕಾಲು ತರಂಗದೂರದ 75 ಓಮ್ ಕೇಬಲ್ ಎರಡನೇ ಡೈಪೋಲ್‌ಗೆ ಹೋಗುತ್ತದೆ. ಡೈಪೋಲ್ ಸುಮಾರು 73 ಓಮ್, ಕೇಬಲ್ 75. ಹಾಗಾಗಿ ಜೋಡಿ ಚೆನ್ನಾಗಿ ಹೊಂದುತ್ತದೆ. ಎರಡು ಡೈಪೋಲ್ ಸಮಾನಾಂತರ ಆದಾಗ ಒಟ್ಟು 36.5 ಓಮ್. 50 ಓಮ್ ಕೇಬಲ್‌ಗೆ ಇದು ಸರಿಯಾಗಿ ಕೂರುವುದಿಲ್ಲ, ಆದರೆ ನಷ್ಟ ಒಂದು ಡಿಬಿಯ ಹತ್ತನೇ ಒಂದು ಭಾಗ. ಅದಕ್ಕಾಗಿ ಇನ್ನೊಂದು ಟ್ರಾನ್ಸ್‌ಫಾರ್ಮರ್ ಕಟ್ಟುವಷ್ಟು ತಾಳ್ಮೆ ನನಗಿಲ್ಲ. ಬರೀ ಕೇಳುವ ಆಂಟೆನಾಗೆ ಅದರ ಅಗತ್ಯವೂ ಇಲ್ಲ.

ಕಾಲು ತರಂಗದೂರ ಗಾಳಿಯಲ್ಲಿ 54.5 ಸೆಂಟಿಮೀಟರ್. ಕೇಬಲ್ ಒಳಗೆ ಅಲೆ ನಿಧಾನ, ಬೆಳಕಿನ ವೇಗದ 0.66 ಪಾಲು. ಗುಣಿಸಿದರೆ 36 ಸೆಂಟಿಮೀಟರ್. ಕಡಿದೆ, ಬೆಸುಗೆ ಹಾಕಿದೆ, ಡಬ್ಬಿ ಮುಚ್ಚಿದೆ. ಪಿವಿಸಿ ಪೈಪಿನ ತುದಿಗೆ ಏರಿಸಿದೆ. ಡಬ್ಬಿಯ ಕೆಳಗೆ ಮುಖ್ಯ ಕೇಬಲ್‌ಗೆ ಐದು ಫೆರೈಟ್ ಬೀಡ್ ಪೋಣಿಸಿದೆ. ಇವು ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾ ಆಗಿ, ನೆಟ್ಟಗೆ ಇಳಿಬಿದ್ದ ಆ ಕೇಬಲ್ ಕಂಡಕಂಡದ್ದನ್ನೆಲ್ಲ ಹಿಡಿಯಲು ಶುರು ಮಾಡುತ್ತದೆ. ಪರೀಕ್ಷೆ ಸುಲಭ. ಕೇಬಲನ್ನು ಕೈಯಲ್ಲಿ ಹಿಡಿಯಿರಿ. ಅಳತೆ ಅಲುಗಿದರೆ ಬೀಡ್ ಸಾಲದು ಅಂತ.

ತೂತು ಜೊತೆಗೇ ಬಂತು

ಮೊದಲ ಸಂಜೆಯ ಪಾಸ್ (ಉಪಗ್ರಹ ಒಮ್ಮೆ ಆಕಾಶ ದಾಟಿ ಹೋಗುವುದು). ಉಪಗ್ರಹ 78 ಡಿಗ್ರಿವರೆಗೆ ಏರುವಂಥದ್ದು. ಚಿತ್ರ ಶುರುವಾಯಿತು. ಮೇಲೆ ಬಂತು. 25 ಡಿಗ್ರಿ ದಾಟಿದ ಮೇಲೆ ಕಪ್ಪು. ಇಳಿಯುವಾಗ ಮತ್ತೆ ಚಿತ್ರ.

ನಾನು ಸುಮ್ನೆ ಕೂತುಬಿಟ್ಟೆ. ಆಂಟೆನಾ ಬದಲಾಯಿತು, ಆಕಾರ ಬದಲಾಯಿತು, ತೂತು ಮಾತ್ರ ಹಾಗೇ ಇದೆ. ಮೊದಲು ರಿಸೀವರ್ ಮೇಲೆ ಅನುಮಾನ ಪಟ್ಟೆ. ನೆತ್ತಿಯ ಮೇಲೆ ಸಿಗ್ನಲ್ ಜೋರಾಗಿ ಬಂದು ಉಸಿರು ಕಟ್ಟಿತಾ? ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಇಳಿಸಿ ಇನ್ನೊಂದು ಪಾಸ್ ನೋಡಿದೆ. ಇನ್ನೂ ಕೆಟ್ಟಿತು. ಬೆಸುಗೆ ಬಿಟ್ಟಿದೆಯಾ ಅಂತ ಡಬ್ಬಿ ಬಿಚ್ಚಿ ನೋಡಿದೆ. ಗಟ್ಟಿಯಾಗೇ ಇತ್ತು. ಮೂರು ದಿನ ಹೀಗೇ ಹೋಯಿತು.

ನಾಲ್ಕನೇ ದಿನ ಹೊಳೆಯಿತು. ಕೈ ಉಲ್ಟಾ ಆಗಿದ್ದರೆ?

ತಿರುಗುವ ದಿಕ್ಕು ತಪ್ಪಿದ ಟರ್ನ್‌ಸ್ಟೈಲ್ ಹೇಗೆ ವರ್ತಿಸುತ್ತದೆ ಅಂತ ಲೆಕ್ಕ ಹಾಕಿದೆ. ದಿಗಂತದಲ್ಲಿ ಅದರ ಪೋಲರೈಸೇಶನ್ ಸರಳ, ಅಲ್ಲಿ ಎಡ ಬಲದ ಭೇದವೇ ಇಲ್ಲ. ಬಲಗೈ ಸಿಗ್ನಲ್ ಬಂದರೂ 3 ಡಿಬಿ ನಷ್ಟದಲ್ಲಿ ಹಿಡಿಯುತ್ತದೆ. 10 ಡಿಗ್ರಿ ಎತ್ತರದಲ್ಲಿ ನಷ್ಟ 4.8 ಡಿಬಿ. 30 ಡಿಗ್ರಿಗೆ 10 ಡಿಬಿ. 60 ಡಿಗ್ರಿಗೆ 23 ಡಿಬಿ. ನೆತ್ತಿಯಲ್ಲಿ ಸಿಗ್ನಲ್ಲೇ ಸೊನ್ನೆ. ಅಂದರೆ ಕೈ ತಪ್ಪಿದ ಟರ್ನ್‌ಸ್ಟೈಲ್, ಉಪಗ್ರಹದ ಲೆಕ್ಕಕ್ಕೆ ಹೆಚ್ಚುಕಮ್ಮಿ ನನ್ನ ಹಳೆಯ ವರ್ಟಿಕಲ್ಲೇ! ಅಂಚಿನಲ್ಲಿ ಕೇಳುತ್ತದೆ, ನೆತ್ತಿಯಲ್ಲಿ ಕಿವುಡು.

ತಪ್ಪು ಎಲ್ಲಾಯಿತು? ನೋಡುವ ಜಾಗದಲ್ಲಿ. ರೇಡಿಯೋದವರು ಅಲೆಯ ಬೆನ್ನ ಹಿಂದೆ ನಿಂತು, ಅದು ಹೋಗುವ ಕಡೆ ನೋಡುತ್ತಾ, ಗಡಿಯಾರದ ದಿಕ್ಕಿಗೆ ತಿರುಗಿದರೆ ಬಲಗೈ ಅನ್ನುತ್ತಾರೆ. ಬೆಳಕಿನ ಶಾಸ್ತ್ರದ ಹಳೆಯ ರೂಢಿ ಇದಕ್ಕೆ ತಿರುಗುಮುರುಗು. ಅವರು ಅಲೆಯ ಎದುರು ನಿಂತು ನೋಡುತ್ತಾರೆ. ನಾನು ಓದಿದ್ದು ಒಂದು ಕಡೆ, ಚಿತ್ರ ಬರೆದದ್ದು ಡಬ್ಬಿಯನ್ನು ಮೇಲಿನಿಂದ ನೋಡುತ್ತಾ. ಮೇಲಿನಿಂದ ಗಡಿಯಾರದ ದಿಕ್ಕು ಅಂದರೆ ಕೆಳಗಿನಿಂದ ಅದಕ್ಕೆ ಉಲ್ಟಾ. ಅಷ್ಟೇ ಸಾಕಾಯಿತು.

ಈಗ ನಾನು ಗಡಿಯಾರದ ಗೊಡವೆಗೇ ಹೋಗುವುದಿಲ್ಲ. ಬಲಗೈ ಹೆಬ್ಬೆರಳನ್ನು ಆಕಾಶಕ್ಕೆ ಹಿಡಿಯುತ್ತೇನೆ. ಉಳಿದ ಬೆರಳು ಮಡಚುವ ದಿಕ್ಕೇ ತಿರುಗಬೇಕಾದ ದಿಕ್ಕು. ಕೇಬಲಿನ ನಡುತಂತಿ ಸೇರಿದ ಮೊದಲ ಡೈಪೋಲಿನ ತೋಳು ಉತ್ತರಕ್ಕಿದ್ದರೆ, ತಡವಾಗುವ ಡೈಪೋಲಿನ ನಡುತಂತಿಯ ತೋಳು ಪಶ್ಚಿಮಕ್ಕಿರಬೇಕು. ನನ್ನದು ಪೂರ್ವಕ್ಕಿತ್ತು. ಕೇಳಲು ಕಟ್ಟಿದ್ದಾದರೂ ಕಳಿಸುವ ಆಂಟೆನಾ ಅಂದುಕೊಂಡೇ ಲೆಕ್ಕ ಹಾಕಬಹುದು. ಬಲಗೈ ಕಳಿಸುವುದು ಬಲಗೈಯನ್ನೇ ಕೇಳುತ್ತದೆ.

ರಿಪೇರಿ ಎರಡು ನಿಮಿಷದ್ದು. ಎರಡನೇ ಡೈಪೋಲಿನ ಎರಡು ಲಗ್‌ಗಳನ್ನು ಅದಲು ಬದಲು ಮಾಡಿದೆ. ಮಾರನೇ ಬೆಳಗಿನ ಪಾಸ್‌ನಲ್ಲಿ ನಡುವಿನ ಪಟ್ಟಿ ಮಾಯ. ಮೋಡಗಳ ಸುರುಳಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಖುಷಿಯಲ್ಲಿ ಡಬ್ಬಿಯ ಮುಚ್ಚಳ ಹಾಕುವುದನ್ನೇ ಮರೆತು ಕೆಳಗಿಳಿದೆ. ಆ ಮರೆವಿನ ಫಲ ಆಮೇಲೆ ಹೇಳುತ್ತೇನೆ.

ಸುತ್ತಲೂ ಸಮ ಇದೆಯಾ?

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಈಶಾನ್ಯದ ಪಾಸ್‌ಗಳಿಗಿಂತ ವಾಯವ್ಯದವು ಯಾವಾಗಲೂ ಸ್ವಲ್ಪ ಸೋತ ಹಾಗೆ ಕಾಣುತ್ತಿತ್ತು. ಭ್ರಮೆಯೋ ನಿಜವೋ ಅಂತ ಅಳೆಯಲು ಹೊರಟೆ.

ಆಂಟೆನಾವನ್ನು ಅಂಗಳಕ್ಕೆ ಇಳಿಸಿ ಎರಡು ಮೀಟರ್ ಎತ್ತರದ ಕೋಲಿಗೆ ಕಟ್ಟಿದೆ. ಆರು ಮೀಟರ್ ಆಚೆ ಅಷ್ಟೇ ಎತ್ತರಕ್ಕೆ ಒಂದು ಪುಟ್ಟ ಡೈಪೋಲ್ ಅಡ್ಡಡ್ಡ. ನ್ಯಾನೋವಿಎನ್‌ಎಯ ಒಂದು ಬಾಯಿ ಅದಕ್ಕೆ, ಇನ್ನೊಂದು ಟರ್ನ್‌ಸ್ಟೈಲ್‌ಗೆ. ಹೊರಡುವ ಶಕ್ತಿ ಒಂದು ಮಿಲಿವ್ಯಾಟ್‌ಗಿಂತ ಕಮ್ಮಿ, ಯಾರಿಗೂ ತೊಂದರೆ ಇಲ್ಲ. ಕೋಲನ್ನು 45 ಡಿಗ್ರಿಯಂತೆ ತಿರುಗಿಸುತ್ತಾ ಬರೆದುಕೊಂಡೆ. ಅಂಗಳದ ಗೋಡೆಗಳಿಂದ ಪ್ರತಿಫಲನ ಬರುತ್ತದೆ, ಅದಕ್ಕೇ ಒಂದೊಂದು ಅಳತೆಯನ್ನೂ ಮೂರು ಸಲ, ಕೋಲನ್ನು ಒಂದೊಂದು ಗೇಣು ಸರಿಸಿ ತೆಗೆದೆ.

ಸರಿಯಾದ ಟರ್ನ್‌ಸ್ಟೈಲ್ ಕೂಡ ಪಕ್ಕಾ ವೃತ್ತ ಅಲ್ಲ. ಅರ್ಧ ತರಂಗದ ಡೈಪೋಲ್‌ಗಳಾದ್ದರಿಂದ ತೋಳುಗಳ ನಡುವಿನ ಮೂಲೆಗಳಲ್ಲಿ ಸುಮಾರು 1 ಡಿಬಿ ತಗ್ಗು ಇರಬೇಕು. ನಾಲ್ಕೂ ಮೂಲೆ ಸಮ ತಗ್ಗು. ನನಗೆ ಸಿಕ್ಕಿದ್ದು ಬೇರೆ. ಒಂದು ಜೋಡಿ ಎದುರುಬದುರು ಮೂಲೆಗಳಲ್ಲಿ ತಗ್ಗೇ ಇಲ್ಲ. ಇನ್ನೊಂದು ಜೋಡಿಯಲ್ಲಿ ಎರಡೂವರೆ ಡಿಬಿಗೂ ಮಿಕ್ಕಿ ತಗ್ಗು. ವೃತ್ತವನ್ನು ಓರೆಯಾಗಿ ಹಿಚುಕಿದ ಹಾಗೆ.

ಓರೆಯಾಗಿ ಹಿಚುಕಿದೆ ಅಂದರೆ ಎರಡು ಡೈಪೋಲಿನ ಬಲ ಹೆಚ್ಚುಕಮ್ಮಿ ಆಗಿಲ್ಲ. ಹಾಗಾಗಿದ್ದರೆ ತೋಳುಗಳ ದಿಕ್ಕಿನಲ್ಲೇ ವ್ಯತ್ಯಾಸ ಕಾಣಬೇಕಿತ್ತು. ಇದು ತಡದ ಲೆಕ್ಕ ತಪ್ಪಿರುವ ಗುರುತು. 36 ಸೆಂಟಿಮೀಟರ್ ತುಂಡನ್ನು ಬಿಚ್ಚಿ, ಒಂದು ತುದಿ ತೆರೆದಿಟ್ಟು ಅಳೆದೆ. ತುದಿ ತೆರೆದ ಕೇಬಲ್ ತನ್ನ ಕಾಲು ತರಂಗದ ಫ್ರೀಕ್ವೆನ್ಸಿಯಲ್ಲಿ ಇನ್ನೊಂದು ತುದಿಗೆ ಶಾರ್ಟ್ ಆದ ಹಾಗೆ ತೋರುತ್ತದೆ. 137.5ರಲ್ಲಿ ಕಾಣಬೇಕಾದ್ದು 173ರ ಹತ್ತಿರ ಕಂಡಿತು.

ಕೇಬಲ್ ಸುಲಿದು ನೋಡಿದೆ. ಒಳಗಿನ ಪ್ಲಾಸ್ಟಿಕ್ ಗಟ್ಟಿ ಅಲ್ಲ, ನೊರೆ ತುಂಬಿದ್ದು. ಟಿವಿ ಡಿಶ್‌ಗೆ ಎಳೆಯುವ ಸಾದಾ ಕೇಬಲ್. ನೊರೆ ಕೇಬಲ್‌ನಲ್ಲಿ ಅಲೆಯ ವೇಗ 0.66 ಅಲ್ಲ, ನನ್ನ ತುಂಡಿನಲ್ಲಿ 0.83. ಅಂದರೆ ನನ್ನ ತಡ 90 ಡಿಗ್ರಿ ಅಲ್ಲ, 72. ಪೆಟ್ಟಿಗೆಯಲ್ಲಿದ್ದ ಕೇಬಲ್ ಯಾವುದು ಅಂತ ನೋಡದೆ, ತಲೆಯಲ್ಲಿದ್ದ ಅಂಕಿ ಬಳಸಿದ್ದಕ್ಕೆ ಈ ಶಿಕ್ಷೆ.

ಇಲ್ಲೊಂದು ತಮಾಷೆ ಇದೆ. 72 ಡಿಗ್ರಿಗೆ ನೆತ್ತಿಯ ದಿಕ್ಕಿನ ವೃತ್ತ ಮೊಟ್ಟೆಯಾಕಾರ ಆಗುತ್ತದೆ, ಉದ್ದಕ್ಕೂ ಅಗಲಕ್ಕೂ 2.8 ಡಿಬಿ ವ್ಯತ್ಯಾಸ. ಕೇಳಲು ದೊಡ್ಡದು. ಆದರೆ ಬಲಗೈ ಸಿಗ್ನಲ್ ಹಿಡಿಯುವುದರಲ್ಲಿ ಆಗುವ ನಷ್ಟ ಬರೀ 0.1 ಡಿಬಿ! ಪೋಲರೈಸೇಶನ್ ಸ್ವಲ್ಪ ಕೆಟ್ಟರೆ ಸಿಗ್ನಲ್‌ಗೆ ಏನೂ ಆಗುವುದಿಲ್ಲ, ಕೈ ತಪ್ಪಿದರೆ ಮಾತ್ರ ಎಲ್ಲ ಹೋಯಿತು. ಇನ್ನೂ ತಮಾಷೆ ಅಂದರೆ, ಕೈ ಉಲ್ಟಾ ಇದ್ದ ಆ ಮೊದಲ ವಾರ ಈ ಎರಡನೇ ತಪ್ಪು ಮೊದಲನೆಯದನ್ನು ಮರೆಮಾಚುತ್ತಿತ್ತು. ತಡ ಸರಿಯಾಗಿದ್ದರೆ ನೆತ್ತಿಯಲ್ಲಿ ಪೂರ್ತಿ ಮೌನ ಇರಬೇಕಿತ್ತು. 72 ಡಿಗ್ರಿ ಆದ್ದರಿಂದ 16 ಡಿಬಿ ಮಾತ್ರ ಇಳಿದಿತ್ತು. ಸ್ಪೆಕ್ಟ್ರಮ್‌ನಲ್ಲಿ ಮಂಕಾಗಿ ಏನೋ ಕಾಣುತ್ತಿತ್ತು. ಅದು ಕಂಡದ್ದರಿಂದಲೇ ನಾನು ಕೈಯನ್ನು ಅನುಮಾನಿಸದೆ ರಿಸೀವರನ್ನು ಬೈಯುತ್ತಾ ಕೂತಿದ್ದೆ.

ಹೊಸ ತುಂಡು 45 ಸೆಂಟಿಮೀಟರ್. ಈ ಸಲ ಲೆಕ್ಕ ನಂಬಲಿಲ್ಲ. 47 ಕಡಿದು, ಅಳೆಯುತ್ತಾ, ಶಾರ್ಟ್ 137.5ಕ್ಕೆ ಬರುವವರೆಗೆ ಚೂರು ಚೂರೇ ಕತ್ತರಿಸಿದೆ. ಮತ್ತೆ ಕೋಲು ತಿರುಗಿಸಿ ನೋಡಿದರೆ ನಾಲ್ಕೂ ಮೂಲೆ ಒಂದು ಡಿಬಿ ಆಸುಪಾಸು. ಆಮೇಲೆ ಆಂಟೆನಾವನ್ನು ಪಕ್ಕಕ್ಕೆ ಮಲಗಿಸಿ, ಅದರ ನೆತ್ತಿ ಪುಟ್ಟ ಡೈಪೋಲ್ ಕಡೆ ಇರುವಂತೆ ಮಾಡಿ, ಪುಟ್ಟ ಡೈಪೋಲನ್ನು ಚಕ್ರದ ಹಾಗೆ ತಿರುಗಿಸಿದೆ. ಅಡ್ಡ, ಓರೆ, ನೆಟ್ಟಗೆ, ಹೇಗಿಟ್ಟರೂ ಏರಿಳಿತ ಒಂದು ಡಿಬಿ ಒಳಗೆ. ಒಳ್ಳೆ ವೃತ್ತ ಅಂದರೆ ಇದು. ಈ ಪರೀಕ್ಷೆಯಿಂದ ಎಡವೋ ಬಲವೋ ಮಾತ್ರ ಗೊತ್ತಾಗುವುದಿಲ್ಲ. ಅದನ್ನು ಹೇಳಲು ಕೈ ಗೊತ್ತಿರುವ ಇನ್ನೊಂದು ಆಂಟೆನಾ ಬೇಕು, ಇಲ್ಲವೇ ಉಪಗ್ರಹವೇ ಬೇಕು.

ಕೆಳಗಿನ ಕಡ್ಡಿಗಳು

ಬರೀ ಟರ್ನ್‌ಸ್ಟೈಲ್ ಮೇಲಕ್ಕೆ ಕೇಳುವಷ್ಟೇ ಕೆಳಕ್ಕೂ ಕೇಳುತ್ತದೆ. ಕೆಳಗೆ ಇರುವುದು ಮನೆಯ ಬಲ್ಬುಗಳ, ಚಾರ್ಜರ್‌ಗಳ ಗಲಾಟೆ. ಅದಕ್ಕೆ ಡೈಪೋಲ್‌ಗಳ ಕೆಳಗೆ ಅದೇ ದಿಕ್ಕಿನಲ್ಲಿ ಇನ್ನೆರಡು ಉದ್ದ ಕಡ್ಡಿ, 111 ಸೆಂಟಿಮೀಟರ್‌ನವು, ರಿಫ್ಲೆಕ್ಟರ್ ಆಗಿ ಕಟ್ಟಿದೆ. ಇವಕ್ಕೆ ಕೇಬಲ್ ಏನೂ ಬೇಡ. ಕೆಳಗೆ ಹೋಗುವ ಅಲೆ ಎಡಗೈ. ಕಡ್ಡಿಗೆ ಬಡಿದು ತಿರುಗಿದಾಗ ಕೈ ಬದಲಾಗಿ ಬಲಗೈ ಆಗುತ್ತದೆ. ಹಾಗಾಗಿ ಮೇಲಿನದರ ಜೊತೆ ಸರಿಯಾಗಿ ಸೇರುತ್ತದೆ. ಡಿಶ್ ಆಂಟೆನಾದ ನಡುವಿನ ಫೀಡ್ ಉಲ್ಟಾ ಕೈ ಇರಬೇಕಾದ್ದು ಇದೇ ಕಾರಣಕ್ಕೆ.

ಎಷ್ಟು ಕೆಳಗೆ ಕಟ್ಟಬೇಕು ಅನ್ನೋದೇ ಮುಖ್ಯ ಪ್ರಶ್ನೆ. ಜಾರಿಸಬಹುದಾದ ಕ್ಲ್ಯಾಂಪ್ ಹಾಕಿ ಎರಡೂ ನೋಡಿದೆ. ಕಾಲು ತರಂಗದೂರ, 55 ಸೆಂಟಿಮೀಟರ್ ಕೆಳಗಿಟ್ಟರೆ ನೆತ್ತಿಯಲ್ಲಿ ಅತಿ ಜೋರು. ಆದರೆ ಅಲ್ಲಿ ಜೋರು ಯಾರಿಗೆ ಬೇಕು? ನೆತ್ತಿಯಲ್ಲಿದ್ದಾಗ ಉಪಗ್ರಹ ಸುಮಾರು 820 ಕಿಲೋಮೀಟರ್ ದೂರ. ದಿಗಂತದಲ್ಲಿದ್ದಾಗ 3,300. ದೂರದಿಂದಲೇ 12 ಡಿಬಿ ವ್ಯತ್ಯಾಸ. ಸಹಾಯ ಬೇಕಾದ್ದು ಕೆಳಗಿನ ಕೋನಗಳಿಗೆ.

ಎಂಟನೇ ಮೂರು ತರಂಗದೂರ, 82 ಸೆಂಟಿಮೀಟರ್ ಇಟ್ಟರೆ ಲೆಕ್ಕವೇ ಬದಲಾಗುತ್ತದೆ. ಕೆಳಗೆ ಪೂರ್ತಿ ಲೋಹದ ನೆಲ ಇದೆ ಅಂತ ಹಿಡಿದರೆ, ಅತಿ ಜೋರಿನ ಕೋನ ನೆತ್ತಿಯಿಂದ ಕೆಳಗಿಳಿದು 50 ಡಿಗ್ರಿ ಆಸುಪಾಸಿಗೆ ಬರುತ್ತದೆ. ನೆತ್ತಿಗೆ ಹೋಲಿಸಿದರೆ 10 ಡಿಗ್ರಿಯಲ್ಲಿ 8 ಡಿಬಿ ಕಮ್ಮಿ. 55 ಸೆಂಟಿಮೀಟರ್‌ನಲ್ಲಿ ಇದೇ 14 ಡಿಬಿ. ನನ್ನದು ಪೂರ್ತಿ ನೆಲ ಅಲ್ಲ, ನಾಲ್ಕು ತುದಿಯ ಕಡ್ಡಿ ಅಷ್ಟೆ. ಅಂಕಿ ಹಾಗೇ ಬರುವುದಿಲ್ಲ. ಆದರೆ ದಿಕ್ಕು ನಿಜ. 82ಕ್ಕೆ ಇಳಿಸಿದ ಮೇಲೆ ಚಿತ್ರ 14 ಡಿಗ್ರಿ ಬದಲು 8 ಡಿಗ್ರಿಯಿಂದಲೇ ಶುರುವಾಗತೊಡಗಿತು. ನೆತ್ತಿಯಲ್ಲಿ ಕಳೆದುಕೊಂಡದ್ದು ಚಿತ್ರದಲ್ಲಿ ಕಾಣಲೇ ಇಲ್ಲ.

ಒಂದು ಮಾತ್ರ ಬಿಟ್ಟುಕೊಡಬೇಕು. ಅಡ್ಡ ಪೋಲರೈಸೇಶನ್ ಇರುವ ಆಂಟೆನಾ ಕೆಳಗೆ ಲೋಹವೋ ನೆಲವೋ ಇದ್ದಾಗ ಸರಿಯಾಗಿ ದಿಗಂತದ ಗೆರೆಯಲ್ಲಿ ಸೋಲುತ್ತದೆ. ನೇರ ಬಂದ ಅಲೆಯೂ ನೆಲದಿಂದ ಚಿಮ್ಮಿದ ಅಲೆಯೂ ಒಂದನ್ನೊಂದು ಅಳಿಸಿಬಿಡುತ್ತವೆ. ನೆತ್ತಿಯ ಸುಳಿ ಬಿಡಿಸಲು ಹೋಗಿ ಅದನ್ನು ಅಂಚಿಗೆ ತಳ್ಳಿದ ಹಾಗಾಯಿತು. ಉಪಗ್ರಹ ಅಂಚಿನಲ್ಲಿ ಇರುವುದು ಒಂದೆರಡು ನಿಮಿಷ, ಅಲ್ಲಿ ಹೇಗೂ ಮರ ಮನೆಗಳು ಅಡ್ಡ. ನನಗೆ ಈ ವ್ಯಾಪಾರ ಒಪ್ಪಿಗೆ. ನೆಲದ ಮೇಲಿನ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಕೇಂದ್ರ) ಕೇಳುವವರಿಗೆ ಒಪ್ಪಿಗೆ ಆಗಬಾರದು. ಅವರಿಗೆ ವರ್ಟಿಕಲ್ಲೇ ಸರಿ.

ಮುಚ್ಚಳದ ಫಲ

ಮುಚ್ಚಳ ಮರೆತಿದ್ದೆ ಅಂದೆನಲ್ಲ. ಅದನ್ನು ಆಮೇಲೆ ಹಾಕಿದೆ, ಆದರೆ ಆಗಲೇ ಒಂದು ಮಳೆ ಬಿದ್ದಿತ್ತು. ಹದಿನೈದು ದಿನ ಆದ ಮೇಲೆ ಸಿಗ್ನಲ್ ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿ ಹೋಗಲು ಶುರುವಾಯಿತು. ಬಿಚ್ಚಿ ನೋಡಿದರೆ ತಡದ ಕೇಬಲಿನ ಹೆಣಿಗೆ ಹಸಿರು ಬಣ್ಣಕ್ಕೆ ತಿರುಗಿತ್ತು. ನೊರೆ ಕೇಬಲಿನ ಬಾಯಿ ತೆರೆದಿದ್ದರೆ ನೀರು ಬತ್ತಿಗೆ ಎಣ್ಣೆ ಏರಿದ ಹಾಗೆ ಒಳಗೆ ಏರುತ್ತದೆ. ತುಂಡು ಎಸೆದು ಹೊಸದು ಹಾಕಿದೆ. ಈ ಸಲ ಎರಡೂ ತುದಿಗೆ ಅಂಟು ತುಂಬಿದ ಹೀಟ್ ಶ್ರಿಂಕ್ ಹಾಕಿದೆ. ಡಬ್ಬಿಯ ತಳಕ್ಕೆ 3 ಮಿಲಿಮೀಟರ್‌ನ ಒಂದು ತೂತು ಕೊರೆದೆ. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯ ತೇವ ಒಳಗೇ ಹನಿಯಾಗಿ ನಿಲ್ಲುತ್ತದೆ. ಇಳಿದು ಹೋಗಲು ದಾರಿ ಕೊಟ್ಟರೆ ಒಣಗಿರುತ್ತದೆ.

ಹಾಗೇ ಎರಡೂ ಡೈಪೋಲಿನ ತೋಳುಗಳಿಗೆ ಬಣ್ಣದ ಟೇಪ್ ಸುತ್ತಿದೆ. ನಡುತಂತಿಯ ತೋಳುಗಳಿಗೆ ಕೆಂಪು. ಉತ್ತರಕ್ಕೊಂದು ಕೆಂಪು, ಪಶ್ಚಿಮಕ್ಕೊಂದು ಕೆಂಪು. ಮುಂದಿನ ಸಲ ಬಿಚ್ಚಿದಾಗ ಕೆಳಗೆ ನಿಂತೇ ಹೆಬ್ಬೆರಳು ಎತ್ತಿ ನೋಡಿಕೊಳ್ಳಬಹುದು.

ಕಳೆದ ವಾರ ಒಂದು ಪಾಸ್ 84 ಡಿಗ್ರಿಗೆ ಏರಿತು. ಹಳೆಯ ವರ್ಟಿಕಲ್ ಆಗಿದ್ದರೆ ಅರ್ಧ ಚಿತ್ರ ಹೋಗುತ್ತಿತ್ತು. ಈ ಸಲ ಮೊದಲಿಂದ ಕೊನೆವರೆಗೆ ಒಂದು ಗೆರೆಯೂ ಬಿಟ್ಟಿಲ್ಲ. ಕೆಳಗಿನ ಅಂಚು ಮಾತ್ರ ಚಿಂದಿ. ಆ ಕಡೆ ನೀರಿನ ಟ್ಯಾಂಕ್ ಇದೆ. ಅದನ್ನು ಸರಿಸೋಣವಾ ಅಂತ ಮನೆಯಲ್ಲಿ ಕೇಳಿದೆ. ಉತ್ತರ ಬಂದ ರೀತಿ ನೋಡಿ ಇನ್ನೊಂದು ಸಲ ಕೇಳಲಿಲ್ಲ.